ಎಡಗಾಲಿನ ಕೆಲಸ

ಫೆಬ್ರವರಿ. ಲೂಯಿಸ್‌ಟೌನಿನ ಟ್ರಕ್ ಅಂಗಡಿಯ ಅಂಗಳದಲ್ಲಿ
ನನ್ನ ಚೆಕ್ ಪುಸ್ತಕಕ್ಕೆ ಎಟುಕುವಂಥವು ಎರಡೇ.
ಒಂದು ಬಿಳಿ, ಎರಡು ವರ್ಷದ್ದು, ಆಟೋಮ್ಯಾಟಿಕ್,
ಸೀಟಿಗೂ ಹೀಟರು.
ಇನ್ನೊಂದು ಕಂದು, ನನ್ನ ಮಗಳಿಗಿಂತ ಹಿರಿಯದು,
ನೆಲದಿಂದೆದ್ದ ಉದ್ದನೆಯ ಗೇರಿನ ಕೋಲು,
ಅದರ ಗುಬುಟಿನ ಮೇಲೆ ಒಂದು ಎರಡು ಮೂರು ನಾಲ್ಕು
ಎಲ್ಲ ಯಾರದೋ ಅಂಗೈಗೆ ಸವೆದು
ಬೋಳು.

ಮಾರುವ ಹುಡುಗ ಕೋಲ್ಟನ್, ಕೈಯಲ್ಲಿ ಕಾಫಿ,
"ಮ್ಯಾನುಯಲ್ ಈಗ ಯಾರು ಕೇಳ್ತಾರೆ ಮೇಡಂ,
ಕಳ್ಳರೂ ಮುಟ್ಟಲ್ಲ, ಓಡಿಸೋಕೇ ಬರಲ್ಲ ಅವರಿಗೆ" ಅಂದ.
ಅವನು ದೂರಿನಂತೆ ಹೇಳಿದ್ದನ್ನು
ನಾನು ಶಿಫಾರಸಿನಂತೆ ಕೇಳಿಸಿಕೊಂಡೆ.

ಎಡಮಂಡಿಯ ಸಂಗತಿ ಅವನಿಗೆ ಹೇಳಲಿಲ್ಲ.
ಹೋದ ಮಾರ್ಚಿನಲ್ಲಿ ಚೊಚ್ಚಲ ಹಸುವೊಂದು
ನೋವು ತಡೆಯದೆ ಗೇಟಿಗೆ ಒರಗಿತು.
ನಡುವೆ ನನ್ನ ಮಂಡಿಯಿತ್ತು.
ಡಾಕ್ಟರಮ್ಮ ಹೇಳಿದ್ದಾಳೆ: ನಡಿ, ಬೇಕಾದರೆ ಕುಣಿ,
ದಿನಕ್ಕೆ ಇನ್ನೂರು ಸಲ ಕ್ಲಚ್ಚು ಮಾತ್ರ ತುಳಿಯಬೇಡ.

ಅಣ್ಣ ಐನಾರ್ ಫೋನಿನಲ್ಲಿ ಪಾಠ ಹೇಳಿದ:
"ಹತ್ತು ಗೇರಿದೆ ಡಾಗ್ನಿ ಅದರಲ್ಲಿ.
ದನದ ಟ್ರೇಲರ್ ಕಟ್ಟಿ ಜೂಡಿತ್ ಬೆಟ್ಟ ಹತ್ತಿಸು,
ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು,
ನಿನಗಿಂತ ಮೊದಲೇ ಅದಕ್ಕೆ ಗೊತ್ತಾಗುತ್ತೆ."
ಇರಬಹುದು.
ನನಗಿಂತ ಮೊದಲೇ ಎಲ್ಲ ಗೊತ್ತಾಗುವವನ ಜೊತೆ
ಹನ್ನೊಂದು ವರ್ಷ ಸಂಸಾರ ಮಾಡಿ ಮುಗಿಸಿದ್ದೇನೆ.

ಮೈನಸ್ ಮೂವತ್ತರ ಬೆಳಗುಗಳು ನೆನಪಿವೆ ನನಗೆ.
ಅಪ್ಪ ಹಳೇ ಟ್ರಕ್ಕನ್ನು ಎಲ್ಲಕ್ಕಿಂತ ಕೆಳಗಿನ ಗೇರಿಗೆ ಹಾಕಿ,
ಅಜ್ಜಿ ಗೇರು ಅಂತ ಅದರ ಹೆಸರು ನಮ್ಮ ಕಡೆ,
ಕ್ಲಚ್ಚು ಬಿಟ್ಟು, ಬಾಗಿಲು ತೆಗೆದು, ಇಳಿದೇಬಿಡುತ್ತಿದ್ದ.
ಅಜ್ಜಿ ತನ್ನ ಪಾಡಿಗೆ ನಡೆಯುತ್ತಿದ್ದಳು ಹಿಮದ ಮೇಲೆ
ಗೊಣಗುತ್ತ, ಯಾರಿಗೂ ಕಾಯದೆ.
ಅಪ್ಪ ಹಿಂದಿನಿಂದ ಹತ್ತಿ ಹುಲ್ಲಿನ ಪಿಂಡಿಯ ದಾರ ಕೊಯ್ದು
ಒದ್ದು ಒದ್ದು ಉರುಳಿಸಿದರೆ
ನೂರೆಂಬತ್ತು ದನ, ನೂರೆಂಬತ್ತು ಮೂಗಿನ ಹಬೆ, ಬೆನ್ನಿಗೆ.
ಸೀಟಿನ ಮೇಲೆ ನಿಂತು ಸ್ಟಿಯರಿಂಗ್ ಹಿಡಿದವಳು ನಾನು, ಆರು ವರ್ಷ.
"ನಿನಗೆ ಒಂದೇ ಕೆಲಸ, ಹಳ್ಳಕ್ಕಿಳಿಸಬೇಡ" ಅಂದಿದ್ದ.
ಇಳಿಸಿದೆ.

ಯಾರೂ ಓಡಿಸದೆ ಓಡುವುದೇ ಆಟೋಮ್ಯಾಟಿಕ್ ಆದರೆ
ನಾನು ಕಂಡ ಮೊದಲ ಆಟೋಮ್ಯಾಟಿಕ್ ಅದೇ.

ಬಿಳಿಯದನ್ನು ಹತ್ತಿ ಹೊರಟೆ, ಪಕ್ಕದಲ್ಲಿ ಕೋಲ್ಟನ್.
ಮೊದಲ ಅಡ್ಡರಸ್ತೆ ಬಂತು.
ಎಡಗಾಲು ಇಲ್ಲದ ಪೆಡಲನ್ನು ಹುಡುಕುತ್ತ
ಅಗಲ ಬ್ರೇಕಿನ ಮೇಲೆ ಧಡಕ್ಕನೆ ಇಳಿಯಿತು.
ಕಾಫಿಯೆಲ್ಲ ಗಾಜಿಗೆ.
"ಆಗುತ್ತೆ, ಎಲ್ಲರಿಗೂ ಆಗುತ್ತೆ" ಅಂದ, ಪಾಪ.
ಓಡಿಸುವುದರಲ್ಲಿ ಮುಕ್ಕಾಲು ಕೈಯದು,
ಉಳಿದ ಕಾಲು ಈ ಕಾಲಿನದು.
ಅರ್ಧ ಹಿಡಿದು ಅರ್ಧ ಬಿಟ್ಟು ನಲವತ್ತು ವರ್ಷ ಬಾಳಿದ್ದಕ್ಕೆ
ಸುಮ್ಮನೆ ಕೂತಿರು ಅಂದರೆ
ಹೇಗೆ ಕೂತೀತು?

ಬಿಳಿಯದನ್ನೇ ತೊಗೊಂಡೆ.
ಮಂಡಿಗೆ ಎದುರು ಮಾತಾಡುವ ವಯಸ್ಸಲ್ಲ ನನ್ನದು.
ಸಹಿ ಹಾಕಿ ಪೆನ್ನು ಕೆಳಗಿಡುವಾಗ ಬಾಯಿಂದ ಬಂತು:
"ಆ ಕಂದು ಟ್ರಕ್ಕು ಎಷ್ಟು?"
ಎರಡು ಮುದಿ ಹಸುವಿನ ಬೆಲೆ ಹೇಳಿದ.
ಹೇಗೂ ಕಳಿಸಬೇಕಿದ್ದ ಹಸುಗಳು ಎರಡಿದ್ದವು.

ಭಾನುವಾರ, ಗಟ್ಟಿಯಾದ ಹೊಲ.
ಸ್ಟಿಯರಿಂಗಿನ ಹಿಂದೆ ಸಿಗ್ರಿಡ್, ಹದಿನೈದು ವರ್ಷ, ಹಲ್ಲು ಕಚ್ಚಿ.
ಒಮ್ಮೆ ಆಫಾಯಿತು. ಇನ್ನೊಮ್ಮೆ. ಮತ್ತೂ.
"ಎಲ್ಲಿ ಹಿಡಿಯುತ್ತೆ ಅಂತ ತಿಳಿಯೋದು ಹೇಗಮ್ಮ?"
ಬಾಯಿಂದ ಹೇಳಲು ಹೋದೆ, ಬರಲಿಲ್ಲ.
ಅಪ್ಪನಿಗೂ ಬಂದಿರಲಿಲ್ಲ, ಬೈದಿದ್ದ ಅಷ್ಟೆ.
"ಪಾದ ಎತ್ತು. ಇನ್ನೂ. ನಿಧಾನ. ಅಲ್ಲಿ, ಸ್ವಲ್ಪ ನಡುಗಿತಲ್ಲ,
ಅಲ್ಲೇ ನಿಲ್ಲು."
ಪಕ್ಕದ ಸೀಟಿನಲ್ಲಿ ನನ್ನ ಎಡಗಾಲು ಬರೀ ತಗಡಿನ ಮೇಲೆ
ಅವಳ ಕಾಲಿನ ಜೊತೆಯೇ ಏಳುತ್ತಿತ್ತು.
ನೋವಿರಲಿಲ್ಲ.

ಟ್ರಕ್ಕು ಒಮ್ಮೆ ಗಕ್ಕನೆ ಹಾರಿ ಹೊರಟಿತು.
ಹಿಂದೆ ಪಿಂಡಿಯೊಂದು ಉರುಳಿ ಬಿದ್ದ ಸದ್ದು.
ಕನ್ನಡಿಯಲ್ಲಿ ನೋಡಿದಳು ಅವಳು, ನಾನೂ ನೋಡಿದೆ.
ನಿಲ್ಲಿಸು ಅನ್ನಲಿಲ್ಲ.
ದನಗಳು ಆಗಲೇ ಅತ್ತ ಹೊರಟಿದ್ದವು.